ಹಿರಿಯರ ಹಾಜರಿ

ಕುಣಿಗಲಿನಿಂದ ಮದ್ದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 22 ಕಿಲೋಮೀಟರು ದಕ್ಷಿಣಕ್ಕೆ ಸಾಗಿದರೆ, ಮಾಗಡಿಯ ಕೆಂಪೇಗೌಡರ ವಂಶದ ಹೆಸರಿನೊಡನೆ ಸೇರಿಕೊಂಡಿರುವ ಕೋಟೆಯನ್ನು ಹೊತ್ತ ಬಂಡೆಯ ಬೆಟ್ಟವೊಂದು ಕಣ್ಣಿಗೆ ಬೀಳುತ್ತದೆ. ಅದರ ಅಡಿಯಲ್ಲಿರುವುದೇ ಹುಲಿಯೂರುದುರ್ಗ. ಒಂದು ಕಾಲಕ್ಕೆ ತನ್ನ ಹೆಸರಿನ ತಾಲ್ಲೂಕಿಗೇ ಕೇಂದ್ರವಾಗಿದ್ದು, ಈಗ ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿಯಾಗಿ ಉಳಿದಿರುವ ಈ ಸೀಮೆಯ ಹಳ್ಳಿಗಳಲ್ಲಿ, ಬೆಳಗಿನ ಜಾವದ ಮಬ್ಬು ಹರಿಯುವ ಮುನ್ನವೇ ಜನ ಸೇರುವ ಸ್ಥಳವೆಂದರೆ ಹಾಲಿನ ಡೈರಿ. ಸಾಲಿನಲ್ಲಿ ನಿಂತವರೊಳಗೆ ಅರ್ಧದಷ್ಟು ಮಂದಿ ನರೆತ ತಲೆಯವರು. ಒಂದೂವರೆ ಲೀಟರು ಹಾಲಿನ ಕ್ಯಾನನ್ನು ಸೆರಗಿನ ಮರೆಯಲ್ಲಿ ಹಿಡಿದು ಬಂದ ಅಜ್ಜಿ, ಅದನ್ನು ಅಳೆಸಿ, ಜಿಡ್ಡಿನಂಶದ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಹತ್ತು ಮಾತನ್ನಾಡಿ ಹೋಗುವಳು. ಒಂದು ದಿನ ಆಕೆ ಬಾರದೆ ಹೋದರೆ ಕಾರ್ಯದರ್ಶಿಯ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಖಾಲಿ ಉಳಿಯುತ್ತದೆ. ಎರಡು ಹೊತ್ತು ಬಾರದಿದ್ದರೆ "ಯಾಕೋ ಅಜ್ಜಿ ಕಾಣಲಿಲ್ವಲ್ಲ, ಹುಷಾರಿಲ್ವೇನೋ ನೋಡ್ರಪ್ಪ" ಎಂದು ಯಾರಾದರೊಬ್ಬರು ಆ ಬೀದಿಯ ಹುಡುಗನನ್ನು ಕಳುಹಿಸುತ್ತಾರೆ. ಹಾಲಿನ ಲೆಕ್ಕಕ್ಕೆಂದು ಹುಟ್ಟಿದ ಆ ಪುಸ್ತಕವು, ಯಾರೂ ಉದ್ದೇಶಿಸದಿದ್ದರೂ, ಊರಿನ ಹಿರಿಯರ ಹಾಜರಿ ಪುಸ್ತಕವೂ ಆಗಿಬಿಟ್ಟಿದೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ವೃದ್ಧಾಪ್ಯದಲ್ಲಿ ಮನುಷ್ಯನಿಗೆ ಬೇಕಾದ ತಿಳಿವಳಿಕೆ, ಒಡನಾಟ, ರಕ್ಷಣೆ ಎಂಬ ಮೂರನ್ನೂ ನಾವು ಬೇರೆಬೇರೆ ಇಲಾಖೆಗಳಿಗೆ ಹಂಚಿಕೊಟ್ಟು, ಒಂದಕ್ಕೆ ಕಚೇರಿಯನ್ನೂ, ಇನ್ನೊಂದಕ್ಕೆ ಸಂಘವನ್ನೂ, ಮತ್ತೊಂದಕ್ಕೆ ಪೊಲೀಸ್ ಠಾಣೆಯನ್ನೂ ತೋರಿಸಿ ಸುಮ್ಮನಾಗುತ್ತೇವೆ; ಆದರೆ ಬಾಳಿನಲ್ಲಿ ಇವು ಮೂರೂ ಒಂದೇ ಬೇರಿನಿಂದ ಹೊರಡತಕ್ಕವು. ದಿನಕ್ಕೊಮ್ಮೆಯಾದರೂ ಪರಿಚಯದ ಒಬ್ಬ ಮನುಷ್ಯನು ಯಾರ ಮನೆಯ ಬಾಗಿಲಿಗೆ ಬರುವನೋ, ಅಥವಾ ಯಾರು ತಾವೇ ನಾಲ್ಕು ಜನರ ನಡುವೆ ಹೋಗಿ ಕೂರುವರೋ, ಅವರಿಗೆ ಸುದ್ದಿಯೂ ಸಿಗುತ್ತದೆ, ಧೈರ್ಯವೂ ಸಿಗುತ್ತದೆ, ಆಪತ್ತಿನಲ್ಲಿ ಕೈಯೂ ಸಿಗುತ್ತದೆ. ಆ ಭೇಟಿ ತಪ್ಪಿತೆಂದರೆ ಮೂರೂ ಒಟ್ಟಿಗೆ ತಪ್ಪಿಹೋಗುತ್ತವೆ.

ನಿವೃತ್ತರೆಂದರೆ ಇಲ್ಲಿ ಯಾರು ಯಾರು? ಪ್ರೌಢಶಾಲೆಯ ಮೇಷ್ಟರುಂಟು, ಸಾರಿಗೆ ಸಂಸ್ಥೆಯಲ್ಲಿ ಬಸ್ಸು ಓಡಿಸಿದವರುಂಟು, ವಿದ್ಯುತ್ ಕಂಬ ಹತ್ತಿ ಇಳಿದು ಸವೆದವರುಂಟು, ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿಯೋ ಬೆಂಗಳೂರಿನ ಪೀಣ್ಯದಲ್ಲಿಯೋ ದುಡಿದು, ಭವಿಷ್ಯನಿಧಿಯ ಅಲ್ಪ ಪಿಂಚಣಿಯೊಡನೆ ಸ್ವಂತ ಊರಿಗೆ ಮರಳಿದವರುಂಟು. ಇವರೆಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರುವವರು, ಯಾವ ಆದೇಶಪತ್ರವೂ ಬಾರದೆ, ಹಾರ ತುರಾಯಿಯ ಸಮಾರಂಭವೂ ನಡೆಯದೆ, ಮಂಡಿನೋವು ಹೆಚ್ಚಿ ನೇಗಿಲು ಹಿಡಿಯಲಾರದ ದಿನವೇ ನಿವೃತ್ತಿಯಾದ ರಾಗಿಯ, ತೆಂಗಿನ, ಹಿಪ್ಪುನೇರಳೆಯ ರೈತರು, ಅವರ ಹೆಂಡಂದಿರು, ಕೂಲಿಯವರು. ಕಾನೂನು ಇವರೆಲ್ಲರನ್ನೂ 60 ವರ್ಷ ತುಂಬಿದೊಡನೆ ಹಿರಿಯ ನಾಗರಿಕರೆಂದು ಎಣಿಸುತ್ತದೆ. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ನೂರಕ್ಕೆ 8.6ರಷ್ಟು ಮಂದಿ ಈ ವಯಸ್ಸು ದಾಟಿದವರಾಗಿದ್ದರೆ, ಕರ್ನಾಟಕದಲ್ಲಿ ಅವರ ಪ್ರಮಾಣ ಸುಮಾರು 9.5ರಷ್ಟಿತ್ತು. ಹಳ್ಳಿಯ ಬೀದಿಯಲ್ಲಿ ನಡೆದು ನೋಡುವವನಿಗೆ ಈ ಪ್ರಮಾಣ ಇನ್ನೂ ಹೆಚ್ಚಾಗಿ ತೋರುವುದು ಸಹಜ. ಏಕೆಂದರೆ ಕುಣಿಗಲಿನ ಮೇಲೆ ಹಾದುಹೋಗುವ ಹೆದ್ದಾರಿಯೂ, 2017ರಲ್ಲಿ ತೆರೆದ ಬೆಂಗಳೂರು–ಹಾಸನ ರೈಲುಮಾರ್ಗವೂ ರಾಜಧಾನಿಯನ್ನು ಸಮೀಪಕ್ಕೆ ತಂದವಷ್ಟೆ, ಆ ಸಾಮೀಪ್ಯದ ಫಲವನ್ನು ಪಡೆದವರು ಮಕ್ಕಳು. ಮನೆಯನ್ನೂ ಹಸುವನ್ನೂ ಕಾಯುತ್ತ ಉಳಿದವರು ತಂದೆತಾಯಿಗಳು.

ಈಗ ಒಂದು ಬದಲಾವಣೆಯನ್ನು ಗಮನಿಸಬೇಕು. ಹಿಂದೆ ವೃದ್ಧಾಪ್ಯ ವೇತನವು ಮನಿಯಾರ್ಡರಿನ ಮೂಲಕ ಬರುತ್ತಿದ್ದ ಕಾಲದಲ್ಲಿ ಅಂಚೆಯವರು ತಿಂಗಳಿಗೊಮ್ಮೆ ಪ್ರತಿ ಫಲಾನುಭವಿಯ ಮನೆಯ ಜಗಲಿಗೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟುಗಳನ್ನು ಎಣಿಸಿ ಕೊಟ್ಟು, ಆ ಊರಿನ ಸುದ್ದಿಯನ್ನು ಈ ಊರಿಗೂ ಈ ಊರಿನದನ್ನು ಮುಂದಿನ ಊರಿಗೂ ಮುಟ್ಟಿಸಿ ಹೋಗುತ್ತಿದ್ದರು. ಆ ಏರ್ಪಾಡಿನಲ್ಲಿ ದೋಷವಿರಲಿಲ್ಲವೆಂದಲ್ಲ. ಹಣ ತಡವಾಗುತ್ತಿತ್ತು, ಕೆಲವೆಡೆ ಕೈಗೆ ಬರುವಷ್ಟರಲ್ಲಿ ಕರಗುತ್ತಲೂ ಇತ್ತೆಂಬ ದೂರುಗಳಿದ್ದವು. ಈಗ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ವೇತನ, 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ, ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಹಣದ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಮೇಲಾದ ವ್ಯವಸ್ಥೆ. ಆದರೆ ತಿಂಗಳಿಗೊಮ್ಮೆ ಬಾಗಿಲಿಗೆ ಬರುತ್ತಿದ್ದ ಆ ಒಬ್ಬ ಮನುಷ್ಯನು ಬರುವುದು ನಿಂತುಹೋಯಿತು. ಆತನ ಜಾಗದಲ್ಲಿ ಬೇರೆ ಯಾರನ್ನು ಕಳುಹಿಸಬೇಕೆಂದು ಯಾವ ಕಡತದಲ್ಲಿಯೂ ಯಾರೂ ಬರೆಯಲಿಲ್ಲ.

ಇದರ ಪರಿಣಾಮವು ನಾಡಕಚೇರಿಯ ಮುಂದೆ ಕಾಣುತ್ತದೆ. ಆಧಾರ್ ಸಂಖ್ಯೆ ಖಾತೆಗೆ ಜೋಡಣೆಯಾಗಿಲ್ಲವೆಂದೋ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದೆಯೆಂದೋ ಹಣ ಬರುವುದು ನಿಂತರೆ, ನಿಂತ ಸಂಗತಿ ತಿಳಿಯುವುದೇ ಎರಡು ಮೂರು ತಿಂಗಳು ಕಳೆದ ಮೇಲೆ. ಏತಕ್ಕೆ ನಿಂತಿತೆಂಬುದು ತಿಳಿಯಲು ಇನ್ನೂ ಕೆಲವು ಓಡಾಟಗಳು. "ಸ್ವಾಮಿ, ನನ್ನ ಹೆಬ್ಬೆಟ್ಟು ಬರ್ತಿಲ್ವಂತೆ" ಎಂದು ಬೆರಳನ್ನು ಮುಂದೆ ಚಾಚುವ ಆ ಮುದುಕಿಯ ಕೈಯನ್ನು ನೋಡಿದವರಿಗೆ ಯಂತ್ರದ ತೊಡಕು ತಾನಾಗಿ ಅರ್ಥವಾಗುತ್ತದೆ: ಐವತ್ತು ವರ್ಷ ಕಳೆ ಕಿತ್ತು, ರಾಗಿ ಕೊಯ್ದು, ಬೂದಿ ಹಾಕಿ ಪಾತ್ರೆ ತಿಕ್ಕಿದ ಬೆರಳಿನ ರೇಖೆಗಳು ಸವೆದು ನುಣುಪಾಗಿವೆ, ಸೆರಗಿನಿಂದ ಒರೆಸಿ, ಮತ್ತೆ ಒತ್ತಿ, ಎಡಗೈಯ ಬೆರಳನ್ನು ಇಟ್ಟು, ಕೊನೆಗೆ ಯಾವುದೋ ಒಂದು ಬೆರಳನ್ನು ಯಂತ್ರವು ಒಪ್ಪಿಕೊಳ್ಳುವವರೆಗೆ ಆಕೆಯ ಮುಖದಲ್ಲಿರುವ ಭಯ, ತನ್ನ ಇರವನ್ನೇ ಯಾರೋ ನಿರಾಕರಿಸುತ್ತಿರುವರೆಂಬ ಭಯ. ಇದೇ ತೊಡಕು ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಾದ ನಿವೃತ್ತ ನೌಕರರಿಗೂ ಉಂಟು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಜೀವನ್ ಪ್ರಮಾಣ್' ವ್ಯವಸ್ಥೆಯು ಬ್ಯಾಂಕಿನ ಸಾಲಿನಲ್ಲಿ ನಿಲ್ಲುವ ಶ್ರಮವನ್ನು ತಪ್ಪಿಸಿತು. 2020ರಿಂದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವರೇ ಮನೆಗೆ ಬಂದು, 70 ರೂಪಾಯಿ ಶುಲ್ಕಕ್ಕೆ, ಈ ಕೆಲಸವನ್ನು ಮುಗಿಸಿಕೊಡುತ್ತಾರೆ. ಬೆರಳು ಒಪ್ಪದವರಿಗೆ ಮೊಬೈಲಿನ ಕ್ಯಾಮರಾದಲ್ಲಿ ಮುಖವನ್ನು ತೋರಿಸಿ ಗುರುತು ಹಿಡಿಸುವ ಮಾರ್ಗವೂ ಬಂದಿದೆ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಹಾಸಿಗೆ ಹಿಡಿದ ವೃದ್ಧರನ್ನು ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಬ್ಯಾಂಕಿಗೆ ಕರೆತರುವ ದೃಶ್ಯ ಇನ್ನೂ ನಿಂತಿಲ್ಲವಾದರೆ, ಅದಕ್ಕೆ ಕಾರಣ ಸೌಲಭ್ಯದ ಅಭಾವವಲ್ಲ. ಆ ಸೌಲಭ್ಯವಿದೆಯೆಂಬ ಮಾತನ್ನು ಆ ಮನೆಗೆ ಮುಟ್ಟಿಸಿದವರಿಲ್ಲ.

ಸುದ್ದಿ ಮುಟ್ಟದಿದ್ದರೆ ಹಣ ತಡವಾದೀತು, ಅಷ್ಟೆ ಎಂದು ಸಮಾಧಾನಪಟ್ಟುಕೊಳ್ಳುವ ಕಾಲವೂ ಈಗಿಲ್ಲ. ನಿವೃತ್ತನ ಬದುಕಿನಲ್ಲಿ ದೊಡ್ಡ ಮೊತ್ತವೊಂದು ಕೈಗೆ ಬರುವುದು ಒಂದೇ ಸಲ: ಉಪದಾನ, ಭವಿಷ್ಯನಿಧಿ, ಪಿಂಚಣಿ ಪರಿವರ್ತನೆಯ ಹಣ. ಮೂವತ್ತು ವರ್ಷಗಳ ದುಡಿಮೆಯ ಆ ಸಾರವನ್ನು ಮೂರು ಗಂಟೆಗಳಲ್ಲಿ ದೋಚುವ ಕಲೆಯನ್ನು ಕಲಿತ ಖದೀಮರು ಈಗ ದೂರದಲ್ಲೆಲ್ಲಿಯೋ ಕುಳಿತು ಕರೆ ಮಾಡುತ್ತಾರೆ. ವಿದ್ಯುತ್ ಬಿಲ್ಲು ಕಟ್ಟಿಲ್ಲ, ಇಂದು ರಾತ್ರಿ ಕರೆಂಟು ಕತ್ತರಿಸುತ್ತೇವೆ ಎಂಬ ಸಂದೇಶ, ಕೆವೈಸಿ ಮುಗಿದಿದೆ, ಓಟಿಪಿ ಹೇಳಿ ಎಂಬ ಕರೆ, ಇವು ಹಳೆಯವಾದವು. ಈಚಿನದು 'ಡಿಜಿಟಲ್ ಅರೆಸ್ಟ್' ಎಂಬ ಘೋರವಾದ ನಾಟಕ. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಬಂದ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಗದರಿಸಿ, ಖಾತೆಯಲ್ಲಿರುವ ಹಣವನ್ನೆಲ್ಲ 'ಪರಿಶೀಲನೆಗಾಗಿ' ವರ್ಗಾಯಿಸಬೇಕೆಂದು ಆಜ್ಞಾಪಿಸುತ್ತಾನೆ. ಫೋನಿನ ಮೂಲಕ ಯಾರನ್ನಾದರೂ ಬಂಧಿಸುವ ಪದ್ಧತಿ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಯವರೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಸ್ಪಷ್ಟಪಡಿಸಿದರು.

ಈ ವಂಚನೆಯ ಒಳರಚನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ವಂಚಕನ ಮೊದಲನೆಯ ಆಜ್ಞೆ ಹಣ ಕಳಿಸೆಂಬುದಲ್ಲ. ಬಾಗಿಲು ಹಾಕಿಕೊಳ್ಳಿ, ಕರೆಯನ್ನು ಕತ್ತರಿಸಬೇಡಿ, ಮಗನಿಗಾಗಲಿ ನೆರೆಯವರಿಗಾಗಲಿ ಒಂದು ಮಾತೂ ಹೇಳಕೂಡದು, ಹೇಳಿದರೆ ಅವರನ್ನೂ ಹಿಡಿಯುತ್ತೇವೆ: ಇದು ಮೊದಲನೆಯದು. ಅಂದರೆ ಮನುಷ್ಯನನ್ನು ಒಂಟಿಯಾಗಿಸುವುದೇ ಆತನ ಆಯುಧ, ಉಳಿದದ್ದು ಅದರ ಫಲ. ವಿದ್ಯಾವಂತರು, ದೊಡ್ಡ ಹುದ್ದೆಯಲ್ಲಿದ್ದವರು, ಲೆಕ್ಕಪತ್ರಗಳನ್ನೇ ನೋಡಿ ಜೀವಮಾನ ಕಳೆದವರು ಸಹ ಇದಕ್ಕೆ ಬಲಿಯಾಗಿರುವುದನ್ನು ಪತ್ರಿಕೆಗಳಲ್ಲಿ ಓದಿ ಆಶ್ಚರ್ಯಪಡುವವರು ಈ ಅಂಶವನ್ನು ಮರೆತಿರುತ್ತಾರೆ. ಬುದ್ಧಿಯು ಒಂಟಿಯಾಗಿ ಭಯದ ಮುಂದೆ ಬಹಳ ಹೊತ್ತು ನಿಲ್ಲಲಾರದು. ಆ ಸಮಯಕ್ಕೆ ಪಕ್ಕದ ಮನೆಯಾಕೆ ಬಂದು "ಮೇಷ್ಟ್ರೇ, ಕಾಫಿ ಆಯ್ತಾ?" ಎಂದು ಕೇಳಿದ್ದರೆ ಸಾಕಾಗಿತ್ತು, ಅರ್ಧ ಮಾಯೆ ಕರಗುತ್ತಿತ್ತು. ಹಣ ಹೋದ ಮೇಲೂ ಮರ್ಯಾದೆಗಂಜಿ ಮುಚ್ಚಿಡುವುದು ಎರಡನೆಯ ಅನಾಹುತ. ಹಣ ವಂಚನೆಯ ದೂರಿಗೆಂದೇ ಇರುವ 1930 ಎಂಬ ಸಂಖ್ಯೆಗೆ ಆ ಗಳಿಗೆಯಲ್ಲಿಯೇ ಕರೆ ಮಾಡಿದರೆ, ಖಾತೆಯಿಂದ ಖಾತೆಗೆ ಹಾರುತ್ತಿರುವ ಹಣವನ್ನು ಬ್ಯಾಂಕುಗಳ ಮೂಲಕ ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆಯುಂಟು. ಮರುದಿನ ಅಳಿಯ ಬಂದಾಗ ಹೇಳಿದರಾಯಿತು ಎಂದುಕೊಂಡರೆ ಆ ಸಾಧ್ಯತೆ ಬಹುಮಟ್ಟಿಗೆ ಅಳಿದಿರುತ್ತದೆ. ಬೆರಳಚ್ಚಿನ ಕಳವು ಇನ್ನೊಂದು ಬಗೆ: ಆಸ್ತಿಯ ನೋಂದಣಿ ಪತ್ರಗಳಲ್ಲಿದ್ದ ಬೆರಳ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದವು. ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಟ್ಟು, ಬೇಕಾದಾಗ ಮಾತ್ರ ತೆಗೆಯುವ ಅನುಕೂಲವಿದೆ. ಊರಿನ ಓದಿದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಒಂದು ಬೀದಿಗೆಲ್ಲ ಇದನ್ನು ಮಾಡಿಕೊಡಬಹುದು.

ಆಸ್ತಿಯ ಮಾತು ಬಂದಮೇಲೆ ಕಹಿಯಾದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಜಮೀನನ್ನು ಮಗನ ಹೆಸರಿಗೆ ಬರೆದುಕೊಟ್ಟ ಮೇಲೆ ಊಟದ ತಟ್ಟೆ ಜಗಲಿಗೆ ಬಂದ ಸಂಗತಿಗಳು ನಮ್ಮ ಸೀಮೆಗೆ ಹೊಸತಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು 2007ರಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಗಿ ಮರುವರ್ಷ ಕರ್ನಾಟಕದಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ, ವಕೀಲರ ಹಂಗಿಲ್ಲದೆ, ಸ್ವತಃ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 90 ದಿನಗಳೊಳಗೆ ತೀರ್ಮಾನವಾಗಬೇಕು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ವಿಧಿಸಬಹುದು. ಆ ಅಧಿನಿಯಮದ 23ನೆಯ ಪ್ರಕರಣವಂತೂ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಆ ಷರತ್ತು ಮುರಿದಾಗ ರದ್ದುಗೊಳಿಸುವ ಅಧಿಕಾರವನ್ನು ಕೊಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿದೆ. ಆದುದರಿಂದ ದಾನಪತ್ರ ಬರೆಸುವವರು "ನನ್ನನ್ನೂ ನನ್ನ ಹೆಂಡತಿಯನ್ನೂ ಜೀವಿತಾವಧಿಯವರೆಗೆ ಪೋಷಿಸತಕ್ಕದ್ದು" ಎಂಬ ಒಂದು ವಾಕ್ಯವನ್ನು ಪತ್ರದೊಳಗೇ ಬರೆಸಬೇಕು. ಮಗನ ಮುಖ ನೋಡಿ ಸಂಕೋಚಪಟ್ಟು ಬಿಡಕೂಡದು. ಒಳ್ಳೆಯ ಮಗನಿಗೆ ಆ ವಾಕ್ಯದಿಂದ ನಷ್ಟವಿಲ್ಲ.

ಇದೇ ಅಧಿನಿಯಮದಡಿ 2009ರಲ್ಲಿ ಹೊರಟ ಮಾದರಿ ನಿಯಮಗಳಲ್ಲಿ ಅತ್ಯಂತ ವಿವೇಕದ ಒಂದು ಏರ್ಪಾಡಿದೆ. ಪ್ರತಿ ಪೊಲೀಸ್ ಠಾಣೆಯೂ ತನ್ನ ಸರಹದ್ದಿನ ಹಿರಿಯ ನಾಗರಿಕರ, ವಿಶೇಷವಾಗಿ ಒಂಟಿಯಾಗಿರುವವರ ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಠಾಣೆಯವರೊಬ್ಬರು, ಸಮಾಜಕಾರ್ಯಕರ್ತರನ್ನೋ ಸ್ವಯಂಸೇವಕರನ್ನೋ ಜೊತೆಗೆ ಕರೆದುಕೊಂಡು, ತಿಂಗಳಿಗೊಮ್ಮೆಯಾದರೂ ಅವರನ್ನು ಕಂಡುಬರಬೇಕು. ಅಂಚೆಯವರ ಆ ತಿಂಗಳ ಭೇಟಿಯನ್ನು ನಾವು ಕಳೆದುಕೊಂಡೆವಷ್ಟೆ. ಅದಕ್ಕೆ ಪ್ರತಿಯಾಗಿ ಇನ್ನೊಂದು ತಿಂಗಳ ಭೇಟಿಯನ್ನು ಹೀಗೆ ಕಾಗದದ ಮೇಲೆ ಪಡೆದಿದ್ದೇವೆ. ಆಳುಗಳು ಕಡಮೆಯಿರುವ ಹೋಬಳಿ ಠಾಣೆಯೊಂದು ಇದನ್ನು ತಾನೊಂದೇ ನಡೆಸಲಾರದು. ಆದರೆ ಪಟ್ಟಿಯನ್ನು ಊರಿನವರೇ ಸಿದ್ಧಮಾಡಿ ಕೊಟ್ಟರೆ, ಜೊತೆಗೆ ಹೋಗುವ ಸ್ವಯಂಸೇವಕರು ಊರಿನೊಳಗೇ ಇದ್ದರೆ, ಬೇಡವೆನ್ನುವ ಅಧಿಕಾರಿ ಇರಲಾರನು.

ಈ ಸೀಮೆಯಲ್ಲಿ ಕಳ್ಳಕಾಕರ ಭಯವೊಂದೇ ಅಲ್ಲ, ಕಾಡುಪ್ರಾಣಿಯ ಭಯವೂ ಉಂಟು. 2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ತುಮಕೂರು, ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಗಳ ದಾಳಿಗೆ ಜನ ಬಲಿಯಾದರು. ಸತ್ತವರಲ್ಲಿ ಚಿಕ್ಕ ಮಕ್ಕಳೂ ಇದ್ದರು, ದನ ಮೇಯಿಸಲು ಹೋದ ವಯಸ್ಸಾದವರೂ ಇದ್ದರು. ದನ ಮೇಯಿಸುವ ಕೆಲಸ ಹಳ್ಳಿಯಲ್ಲಿ ವೃದ್ಧರ ಪಾಲಿಗೇ ಬರುವುದಾದುದರಿಂದ, ನಿನ್ನೆ ಸಂಜೆ ಯಾವ ಕುರುಚಲಿನಲ್ಲಿ ಪ್ರಾಣಿ ಕಾಣಿಸಿತೆಂಬ ಸುದ್ದಿ ಮೊದಲು ಮುಟ್ಟಬೇಕಾದದ್ದು ಅವರಿಗೆ. ಅದು ಬರುವುದು ಮಾತ್ರ ಹುಡುಗರ ವಾಟ್ಸ್‌ಆ್ಯಪಿಗೆ. ಅಜ್ಜನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಊರಿನ ಧ್ವನಿವರ್ಧಕದಲ್ಲಿ ಎರಡು ಮಾತು ಕೂಗಿಸುವುದಕ್ಕೆ ಏನೂ ಖರ್ಚಿಲ್ಲ.

ಒಂಟಿಯಾಗಿರುವ ಹಿರಿಯರನ್ನು ಯಾರು ಕಂಡುಬರಬೇಕೆಂಬ ಚಿಂತೆ ಹೊರದೇಶಗಳಲ್ಲಿಯೂ ಇದೆ. ಜಪಾನಿನಲ್ಲಿ ಪತ್ರಿಕೆ ಹಾಕುವವರು, ಹಾಲು ತರುವವರು, ಒಂಟಿ ವೃದ್ಧರ ಮನೆಯ ಮುಂದೆ ಹಿಂದಿನ ದಿನದ ಪತ್ರಿಕೆ ಹಾಗೆಯೇ ಬಿದ್ದಿರುವುದನ್ನು ಕಂಡರೆ ಪುರಸಭೆಗೆ ತಿಳಿಸುವಂತೆ ಒಪ್ಪಂದಗಳಾಗಿವೆ. ಫ್ರಾನ್ಸಿನ ಅಂಚೆ ಸಂಸ್ಥೆಯು 2017ರಿಂದ, ಮಕ್ಕಳಿಂದ ಶುಲ್ಕ ಪಡೆದು, ಅಂಚೆಯವರ ಮೂಲಕ ತಂದೆತಾಯಿಗಳ ಯೋಗಕ್ಷೇಮ ವಿಚಾರಿಸುತ್ತದೆ. ನಮ್ಮಲ್ಲಿಯೇ ಬೆಂಗಳೂರಿನ ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನೊಡನೆ ಕೂಡಿ 1090 ಎಂಬ ಹಿರಿಯರ ಸಹಾಯವಾಣಿಯನ್ನು 2002ರಲ್ಲಿಯೇ ತೆರೆದರು. ದೇಶಕ್ಕೆಲ್ಲ ಅನ್ವಯವಾಗುವ 14567 ಎಂಬ 'ಎಲ್ಡರ್ ಲೈನ್' 2021ರ ಅಕ್ಟೋಬರ್ 1ರಂದು, ಅಂತರರಾಷ್ಟ್ರೀಯ ಹಿರಿಯರ ದಿನದಂದು, ಆರಂಭವಾಯಿತು. ನಗರದ ಮಾದರಿಗಳನ್ನು ಹಾಗೆಯೇ ಹಳ್ಳಿಗೆ ತರಬೇಕಾಗಿಲ್ಲ. ಹುಲಿಯೂರುದುರ್ಗದಂಥ ಊರಿನಲ್ಲಿ ಬಾಗಿಲಿಗೆ ಹೋಗುವ ಜನ ಈಗಲೂ ಇದ್ದಾರೆ: ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಅಂಚೆಯವರು, ವಿದ್ಯುತ್ ಮೀಟರು ಓದುವವರು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಅಜ್ಜಿಯರು ಮಗಳ ಮನೆಗೂ ಆಸ್ಪತ್ರೆಗೂ ಯಾರ ಕೈಯನ್ನೂ ಕಾಯದೆ ಹೋಗಿ ಬರುತ್ತಿದ್ದಾರೆ; ಇದು ನನಗೆ ಬಹಳ ಸಂತೋಷವನ್ನು ಕೊಟ್ಟ ಬದಲಾವಣೆ. ಕೊರತೆಯಿರುವುದು, ಬಾಗಿಲಿಗೆ ಹೋಗುವ ಆ ಜನರೆಲ್ಲರ ಸುಳಿವುಗಳನ್ನು ಒಂದೆಡೆ ಸೇರಿಸುವ ಸ್ಥಳದ್ದು.

ಆ ಸ್ಥಳವೂ ಸಿದ್ಧವಾಗಿದೆಯೆಂದು ನನ್ನ ನಂಬಿಕೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ರೂಪವನ್ನು ಪಡೆಯುತ್ತಿವೆ. ಪತ್ರಿಕೆ, ಪುಸ್ತಕ, ಗಣಕಯಂತ್ರ, ಇಂಟರ್ನೆಟ್ಟು, ಕುಳಿತುಕೊಳ್ಳಲು ಬೆಂಚು ಅಲ್ಲುಂಟು. ಅಲ್ಲಿಗೆ ವಾರಕ್ಕೊಂದು ದಿನ, ನಿಗದಿಯಾದ ಒಂದು ಹೊತ್ತಿನಲ್ಲಿ, ಊರಿನ ನಿವೃತ್ತರು ಸೇರತಕ್ಕದ್ದು. ಕಣ್ಣು ಮಂಜಾದವರಿಗೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ. ಹೊಸದಾಗಿ ಬಂದ ಸುತ್ತೋಲೆಯ ಸಾರವನ್ನು ಹಳೆಯ ಗುಮಾಸ್ತರು ತಿಳಿಸಲಿ. ಯಾರಿಗೆ ಯಾವ ಹೆದರಿಸುವ ಕರೆ ಬಂದಿತ್ತೆಂಬುದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲಿ. ಬಾರದೆ ಇದ್ದವರು ಯಾರೆಂದು ನೋಡಿ, ಇಬ್ಬರು ಅವರ ಮನೆಗೆ ಹೋಗಿಬರಲಿ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥದೇ, ಪ್ರಜೆಗಳು ಒಟ್ಟಿಗೆ ಕುಳಿತು ಲೋಕವಿಚಾರವನ್ನು ತಿಳಿಯುವ ಗೋಷ್ಠಿ. ಅದು ರಾಜಧಾನಿಯ ಸ್ವತ್ತಾಗಿಯೇ ಉಳಿಯಬೇಕಾದ ಕಾರಣವಿಲ್ಲ. ಸರ್ಕಾರಿ ಕೆಲಸವನ್ನು 1943ರಲ್ಲಿ ಬಿಟ್ಟ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮರುವರ್ಷದಿಂದ ಎರಡು ದಶಕಗಳ ಕಾಲ 'ಜೀವನ' ಪತ್ರಿಕೆಯನ್ನು ನಡೆಸಿದರು. ಹುದ್ದೆ ಬಿಟ್ಟವನಿಗೆ ನಾಡಿನ ಕೆಲಸ ಮುಗಿಯಲಿಲ್ಲವೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಎಲ್ಲರೂ ಪತ್ರಿಕೆ ನಡೆಸಬೇಕಾಗಿಲ್ಲ. ಅರ್ಜಿ ಬರೆಯಬಲ್ಲ ಮೇಷ್ಟರು, ಬ್ಯಾಂಕಿನ ವ್ಯವಹಾರ ಬಲ್ಲ ಗುಮಾಸ್ತರು, ರಕ್ತದೊತ್ತಡ ನೋಡಬಲ್ಲ ನಿವೃತ್ತ ನರ್ಸಮ್ಮ, ಒಂದು ಊರಿಗೆ ಈ ಮೂವರಿದ್ದರೆ ಸಾಕು.

ಆದುದರಿಂದ ಇದನ್ನು ಓದುತ್ತಿರುವ ನಿವೃತ್ತ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟು. ನಿಮ್ಮ ಬೀದಿಯಲ್ಲಿ ನಿಮಗಿಂತ ಹಿರಿಯರಾದ, ಅಥವಾ ನಿಮಗಿಂತ ಒಂಟಿಯಾದ ಹತ್ತು ಮನೆಗಳನ್ನು ಗುರುತು ಮಾಡಿಕೊಂಡು, ಅವುಗಳನ್ನು ನಿಮ್ಮ ಪಾಲಿನವೆಂದು ತಿಳಿಯಿರಿ. ಅಲ್ಲಿನವರ ಹೆಸರು, ಮಕ್ಕಳ ಫೋನು ಸಂಖ್ಯೆ, ತೆಗೆದುಕೊಳ್ಳುವ ಮಾತ್ರೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಗೆ ಕೊಡಿ, ಒಂಟಿಯಾಗಿರುವವರ ಹೆಸರನ್ನು ಠಾಣೆಗೆ ಮುಟ್ಟಿಸಿ. ಬೆಂಗಳೂರಿನಲ್ಲಿರುವ ಮಕ್ಕಳು ಊರಿಗೆ ಬಂದಾಗ, ತಂದೆತಾಯಿಗಳ ಮನೆಯಲ್ಲಿ ಫೋನು ಇಡುವ ಗೂಡಿನ ಮೇಲೆ, ದೂರದಿಂದ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ನಾಲ್ಕು ಸಂಖ್ಯೆಗಳನ್ನು ಬರೆದು ಹೋಗಲಿ: ಅಪಾಯವಾದರೆ 112, ಆ್ಯಂಬುಲೆನ್ಸಿಗೆ 108, ಹಣ ವಂಚನೆಗೆ 1930, ಹಿರಿಯರ ಯಾವುದೇ ಕಷ್ಟಕ್ಕೆ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ 14567. ಅದರ ಕೆಳಗೆ ಐದನೆಯದಾಗಿ, ಪಕ್ಕದ ಮನೆಯವರ ಸಂಖ್ಯೆಯನ್ನು ಬರೆಯುವುದನ್ನು ಮರೆಯಬೇಡಿ.